ಕೆಳಗಿನ ಬಣ್ಣ ಮೇಲೆ ಕಾಣಬೇಕಾದರೆ ಏನು ಮಾಡಬೇಕು?

ಪ್ರಶ್ನೆ: ನವಲಗುಂದದ ಎರೆ ಹೊಲದ ತೈಲಚಿತ್ರ ಬರೆಯುತ್ತಿದ್ದೇನೆ. ಕೆಂಪಿನ ಮೇಲೆ ಕಪ್ಪು ಹಚ್ಚಿದರೆ ಕೆಂಪು ಮುಚ್ಚಿಹೋಗುತ್ತದೆ. ತೆಳುವಾಗಿ ಎಳೆದರೆ ಎರಡೂ ಕಲೆತು ರಾಡಿಯಾಗುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಆ ಕಪ್ಪು ಟ್ಯೂಬನ್ನು ಬದಿಗಿಡಿ. ಎರೆ ಮಣ್ಣು ಬರಿಯ ಕಪ್ಪಲ್ಲ. ಸಂಜೆಯ ಓರೆ ಬಿಸಿಲಿಗೆ ಅದರೊಳಗಿನಿಂದ ಕೆಂಪು ಹೊಳೆಯುತ್ತದೆ. ನಿಮ್ಮ ಕಣ್ಣು ಅದನ್ನು ಸರಿಯಾಗಿಯೇ ಹಿಡಿದಿದೆ, ಬಣ್ಣದ ಆಯ್ಕೆ ತಪ್ಪಿದೆ ಅಷ್ಟೆ.

ಅನೇಕ ಕಂಪನಿಗಳ ಟ್ಯೂಬಿನ ಮೇಲೆ ಪುಟ್ಟ ಚೌಕವೊಂದಿರುತ್ತದೆ. ಚೌಕ ಖಾಲಿ ಇದ್ದರೆ ಬಣ್ಣ ಪಾರದರ್ಶಕ, ತುಂಬಿದ್ದರೆ ಕೆಳಗಿನದನ್ನು ಮುಚ್ಚುವಂಥದ್ದು. ಟೈಟಾನಿಯಂ ಬಿಳಿ, ಕ್ಯಾಡ್ಮಿಯಂ ಕೆಂಪು ಮುಚ್ಚುತ್ತವೆ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು) ಬೆಳಕನ್ನು ಒಳಗೆ ಬಿಡುತ್ತವೆ. ಆ ಬೆಳಕು ಕೆಳಗಿನ ಪದರಕ್ಕೆ ತಾಗಿ, ಅದರ ಬಣ್ಣ ಹೊತ್ತು ಮರಳುತ್ತದೆ. ಈ ನೀಲಿ, ಸಿಯೆನ್ನಾ ಎರಡನ್ನೂ ಬೆರೆಸಿದರೆ ಕಪ್ಪಿಗೆ ಹತ್ತಿರದ, ಆದರೆ ಜೀವವಿರುವ ಗಾಢ ಬಣ್ಣ ಸಿಗುತ್ತದೆ. ನಿಮ್ಮ ಹೊಲಕ್ಕೆ ಅದೇ ಬೇಕು.

ಇನ್ನು ರಾಡಿಯ ಮಾತು. ಕೆಳಗಿನ ಪದರ ಒಣಗುವ ಮೊದಲೇ ಮೇಲೆ ಕುಂಚ ಆಡಿಸಿದ್ದೀರಿ. ತೈಲವರ್ಣ ನೀರಿನಂತೆ ಆರಿಹೋಗುವುದಿಲ್ಲ. ಅದರಲ್ಲಿರುವ ಅಗಸೆ ಎಣ್ಣೆ (ನಮ್ಮ ರೊಟ್ಟಿಯ ಜೊತೆಗಿನ ಚಟ್ನಿಪುಡಿಯ ಅಗಸೆಯೇ) ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗಬೇಕು. ತೆಳು ಪದರಕ್ಕೂ ಕೆಲವು ದಿನ ಹಿಡಿಯುತ್ತದೆ. ಧಾರವಾಡದ ಜಿಟಿಜಿಟಿ ಮಳೆಯ ಥಂಡಿಯಲ್ಲಿ ಇನ್ನೂ ತಡ. ಬೆರಳಿಗೆ ಅಂಟದಷ್ಟು ಒಣಗುವವರೆಗೆ ದಯವಿಟ್ಟು ಕಾಯಿರಿ. ಕೆಳಗಿನ ಪದರಕ್ಕಿಂತ ಮೇಲಿನದರಲ್ಲಿ ಎಣ್ಣೆ ತುಸು ಹೆಚ್ಚಿರಲಿ, ಇಲ್ಲದಿದ್ದರೆ ಮುಂದೆ ಬಿರುಕು ಬಿಡುತ್ತದೆ. ಕಾಯುವ ತಾಳ್ಮೆ ಇಲ್ಲದವರು ಕೆಳಪದರವನ್ನು ಅಕ್ರಿಲಿಕ್‌ನಲ್ಲಿ (ನೀರಿನಲ್ಲಿ ಕಲೆಸುವ, ಬೇಗ ಒಣಗುವ ಬಣ್ಣ) ತೆಳುವಾಗಿ ಹಚ್ಚಿ, ಅದು ಚೆನ್ನಾಗಿ ಒಣಗಿದ ಮೇಲೆ ತೈಲವರ್ಣ ಬಳಸಬಹುದು. ತೈಲದ ಮೇಲೆ ಅಕ್ರಿಲಿಕ್ ಮಾತ್ರ ಬೇಡ, ಅದು ಕಳಚಿಕೊಳ್ಳುತ್ತದೆ.

ಈಗ ನನಗೆ ಬಹಳ ಇಷ್ಟವಾದ ಭಾಗ. ಒಣಗಿದ ಕೆಂಪಿನ ಮೇಲೆ ಆ ಗಾಢ ಬಣ್ಣವನ್ನು ಎಣ್ಣೆಯಲ್ಲಿ ತೆಳುಮಾಡಿ ಹರಡಿ. ಹಳೆಯ ಪಂಚೆಯ ಮೆತ್ತನೆಯ ತುಂಡಿನಿಂದ ದಿಬ್ಬಗಳಿರುವಲ್ಲಿ ಒಮ್ಮೆ ಹಗುರವಾಗಿ ಒರೆಸಿ. ಕೆಂಪು ಮೇಲೆದ್ದು ಬರುತ್ತದೆ. ಮೇಲಿನದು ಹಸಿಯಿರುವಾಗಲೇ ಕುಂಚದ ಹಿಂದಿನ ತುದಿಯಿಂದ ಸಾಲು ಗೀರಿ. ಪ್ರತಿ ಗೀರಿನಲ್ಲೂ ಕೆಳಗಿನ ಕೆಂಪು ಸಣ್ಣ ಎಳೆಯಾಗಿ ತೆರೆದುಕೊಳ್ಳುತ್ತದೆ. ಹೊಲದ ಅಂಚಿನಲ್ಲಿ ಗೀರು ಸೊಟ್ಟಾದರೆ ತಿದ್ದಬೇಡಿ. ಎತ್ತು ತಿರುಗುವ ಜಾಗದಲ್ಲಿ ನೇಗಿಲ ಸಾಲೂ ಸೊಟ್ಟಗೇ ಇರುತ್ತದೆ.