ನಿಪಾ ವೈರಸ್: ಬೀಗ ಯಾವುದು, ಬೀಗದಕೈ ಯಾವುದು?

ಬದಿಯಡ್ಕ ಕಡೆಯ ನಮ್ಮ ತೋಟದಲ್ಲಿ ಬೆಳಿಗ್ಗೆ ಬುಟ್ಟಿ ಹಿಡಿದು ಹೋದರೆ ಬಾವಲಿ ಚೀಪಿ ಬಿಸಾಡಿದ ಅಡಿಕೆ ಸಿಗುತ್ತದೆ. ಸಿಪ್ಪೆಯ ಮೇಲೆ ಹಲ್ಲಿನ ಗುರುತು, ನಾರೆಲ್ಲ ಒದ್ದೆ. 2018ರ ಮೇ ತಿಂಗಳಲ್ಲಿ ಕಲ್ಲಿಕೋಟೆಯಲ್ಲಿ ನಿಪಾ ಕಾಣಿಸಿಕೊಂಡಾಗ ಅಮ್ಮ ಅದನ್ನು ಮುಟ್ಟಲೇಬೇಡಿ ಅಂದರು. ಅಜ್ಜಿಗೆ ಸಿಟ್ಟು. "ಅದು ಚೀಪಿದ್ದು ಸಿಪ್ಪೆಯನ್ನು, ಅಡಿಕೆಗೆ ಏನಾಗಿದೆ?" ಎಲ್ಲ ಬಾವಲಿಯಲ್ಲೂ ಈ ವೈರಸ್ ಇರುತ್ತದೆ ಅಂತ ಅಲ್ಲ. ಆದರೆ ಇದ್ದರೆ ಎಂಜಲಲ್ಲಿ ಬರಬಹುದು. ಹಾಗೆ ಬಂದದ್ದು ನಮ್ಮ ಜೀವಕೋಶದ ಒಳಗೆ ಹೊಕ್ಕುವುದು ಹೇಗೆ? ಈ ಪಾಠ ಓದುವಾಗ ನಾನು ತುಂಬ ದಿನ ಎಡವಿದ್ದು ಅಲ್ಲೇ.

ಕೊರೋನಾದಲ್ಲಿ ಅಂಟಿಕೊಳ್ಳುವುದಕ್ಕೂ ಒಳಗೆ ನುಗ್ಗುವುದಕ್ಕೂ ಸ್ಪೈಕ್ ಎಂಬ ಒಂದೇ ಪ್ರೊಟೀನ್. ನಿಪಾದಲ್ಲಿ ಈ ಕೆಲಸ ಜಿ, ಎಫ್ ಎಂಬ ಎರಡು ಪ್ರೊಟೀನುಗಳಿಗೆ ಪಾಲಾಗಿದೆ. ಅಂಟುವುದು ಜಿ, ವೈರಸ್ಸಿನ ಮತ್ತು ಕೋಶದ ಪೊರೆಗಳನ್ನು ಬೆಸೆಯುವುದು ಎಫ್. ಪರೀಕ್ಷೆಯಲ್ಲಿ ಇವೆರಡನ್ನು ಅದಲುಬದಲು ಮಾಡುವವರೇ ಜಾಸ್ತಿ.

ಜಿ ಹಿಡಿದುಕೊಳ್ಳುವುದು ಎಫ್ರಿನ್-ಬಿ2 ಎಂಬ ನಮ್ಮದೇ ಪ್ರೊಟೀನನ್ನು. ಇದು ಗೊತ್ತಾದದ್ದು 2005ರಲ್ಲಿ. ಎಫ್ರಿನ್-ಬಿ2 ಇರುವುದು ವೈರಸ್ಸಿಗಾಗಿ ಅಲ್ಲ, ಅಲ್ವಾ? ಭ್ರೂಣದಲ್ಲಿ ರಕ್ತನಾಳಗಳು ಬೆಳೆಯುವಾಗ ಪಕ್ಕದ ಕೋಶಕ್ಕೆ ಸುದ್ದಿ ಮುಟ್ಟಿಸುವುದು ಅದರ ನಿಜವಾದ ಕೆಲಸ. ಬಾವಲಿಯಲ್ಲೂ ನಮ್ಮಲ್ಲೂ ಅದು ಹೆಚ್ಚುಕಡಿಮೆ ಒಂದೇ ಥರ ಇದೆ. ಹಾಗಾಗಿ ಬಾವಲಿಯಿಂದ ನಮಗೆ ದಾಟಲು ಈ ಮಟ್ಟಿಗೆ ವೈರಸ್ಸಿಗೆ ದೊಡ್ಡ ತಯಾರಿ ಬೇಕಿಲ್ಲ.

ಈಗ ಬೀಗದ ಮಾತು. ವೈರಸ್ ಬೀಗದಕೈ, ಅದು ಅಂಟುವ ನಮ್ಮ ಕೋಶದ ಪ್ರೊಟೀನ್, ಅಂದರೆ ರಿಸೆಪ್ಟರ್, ಬೀಗ ಅಂತ ಎಲ್ಲರೂ ಹೇಳಿಕೊಡುತ್ತಾರೆ. ನಿಪಾದಲ್ಲಿ ಚಿತ್ರ ತಿರುವುಮುರುವು. ಜಿ ಪ್ರೊಟೀನಿನ ತಲೆ ಆರು ರೆಕ್ಕೆಯ ಫ್ಯಾನಿನ ಹಾಗಿದೆ, ನಡುವೆ ಒಂದು ಗುಂಡಿ. ಎಫ್ರಿನ್‌ನಿಂದ ಒಂದು ಕುಣಿಕೆ ಬೆರಳಿನ ಹಾಗೆ ಹೊರಗೆ ಚಾಚಿಕೊಂಡಿದೆ. ಆ ಬೆರಳು ಗುಂಡಿಯೊಳಗೆ ಹೋಗಿ ಕೂರುತ್ತದೆ. ಅಂದರೆ ಬೀಗದಕೈ ನಮ್ಮದು, ಬೀಗ ವೈರಸ್ಸಿನದು! ಬೆರಳಿನ ತುದಿಯಲ್ಲಿ ಲ್ಯೂಸಿನ್, ಟ್ರಿಪ್ಟೊಫ್ಯಾನ್ ಎಂಬ ಎರಡು ಅಮೈನೋ ಆಮ್ಲ ಅಕ್ಕಪಕ್ಕ ಇವೆ. ಅಣ್ಣತಮ್ಮನಂಥ ಎಫ್ರಿನ್-ಬಿ1ರಲ್ಲಿ ಅದೇ ಜಾಗದಲ್ಲಿ ಟೈರೊಸಿನ್, ಮಿಥಿಯೊನಿನ್ ಇವೆ, ಅದಕ್ಕೆ ನಿಪಾ ಅಂಟುವುದಿಲ್ಲ. ಲ್ಯಾಬಿನಲ್ಲಿ ಬಿ1ರ ಆ ಎರಡನ್ನು ಬದಲಾಯಿಸಿ ಲ್ಯೂಸಿನ್, ಟ್ರಿಪ್ಟೊಫ್ಯಾನ್ ಇಟ್ಟರು. ನಿಪಾ ಅದನ್ನೂ ಬಳಸಿ ಒಳಗೆ ಹೋಯಿತು. ಎರಡೇ ಎರಡು!

ಬೆರಳು ಕೂತ ಕೂಡಲೇ ಜಿ ಅಲುಗಾಡಿ ಎಫ್‌ಗೆ ಚಾಲೂ ಕೊಡುತ್ತದೆ. ಎಫ್ ಸ್ಪ್ರಿಂಗಿನ ಹಾಗೆ ಬಿಚ್ಚಿಕೊಂಡು ನಮ್ಮ ಕೋಶದ ಪೊರೆಗೆ ಚುಚ್ಚಿ, ಮತ್ತೆ ಮಡಚಿಕೊಂಡು ಎರಡೂ ಪೊರೆಗಳನ್ನು ಹತ್ತಿರ ಎಳೆಯುತ್ತದೆ. ಸೋಂಕಿದ ಕೋಶದ ಮೈಮೇಲೂ ಜಿ, ಎಫ್ ಬಂದು ಕೂರುತ್ತವೆ. ಆಗ ಆ ಕೋಶ ನೆರೆಯ ಕೋಶಗಳ ಜೊತೆ ಬೆಸೆದು ಹಲವು ನ್ಯೂಕ್ಲಿಯಸ್ಸಿನ ಒಂದು ದೊಡ್ಡ ಮುದ್ದೆಯಾಗುತ್ತದೆ. ಎಫ್ರಿನ್-ಬಿ2 ರಕ್ತನಾಳದ ಒಳಗೋಡೆಯಲ್ಲೂ ನರಕೋಶಗಳಲ್ಲೂ ಇದೆ. ಮಿದುಳಿನ ಕಾಂಡದಲ್ಲಿ ಎಫ್ರಿನ್-ಬಿ3 ಇದೆ, ಅದಕ್ಕೂ ಜಿ ಅಂಟುತ್ತದೆ. ನಿಪಾ ಮಿದುಳಿಗೇ ಏಕೆ ಬಡಿಯುತ್ತದೆ ಎಂಬುದಕ್ಕೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

2018ರಲ್ಲಿ ಆಸ್ಟ್ರೇಲಿಯಾದಿಂದ ಕೇರಳಕ್ಕೆ ತರಿಸಿದ ಎಂ102.4 ಎಂಬ ಪ್ರತಿಕಾಯದ (ವೈರಸ್ಸಿಗೆ ಅಂಟಿ ಅದನ್ನು ತಡೆಯುವ ಪ್ರೊಟೀನಿನ) ಕೆಲಸವೂ ಈ ಗುಂಡಿಯಲ್ಲೇ. ಅದು ತನ್ನದೇ ಒಂದು ಕುಣಿಕೆಯನ್ನು ಅಲ್ಲಿಗೆ ತೂರಿಸಿ ಮೊದಲೇ ಜಾಗ ಹಿಡಿಯುತ್ತದೆ. ಆಮೇಲೆ ಬಂದ ಎಫ್ರಿನ್ ಬೆರಳಿಗೆ ಕೂರಲು ಜಾಗವೇ ಇರುವುದಿಲ್ಲ.