ಚಿಟಿಕೆ ಪುಡಿಯಲ್ಲಿದೆ ಹವಳದ ಗುರುತು

ಮೃದು ಹವಳವನ್ನು ಮೊದಲ ಸಲ ನೋಡಿದವರಿಗೆ ಅದು ಗಿಡ ಅಂತಲೇ ಅನ್ನಿಸುತ್ತದೆ. ನೀರು ಹರಿದತ್ತ ಬಾಗುತ್ತದೆ. ಮುಟ್ಟಿದರೆ ತೊಗಲಿನ ಹಾಗೆ ಮೆತ್ತಗಿರುತ್ತದೆ. ಸ್ವಲ್ಪ ಹತ್ತಿರ ಹೋಗಿ ನೋಡಬೇಕು. ಮೈ ತುಂಬ ಪುಟ್ಟ ಪುಟ್ಟ ಹೂವಿನಂಥವು ಅರಳಿರುತ್ತವೆ. ಒಂದೊಂದೂ ಒಂದು ಪಾಲಿಪ್, ಅಂದರೆ ಒಂದೊಂದೂ ಒಂದು ಪ್ರಾಣಿ. ಅದರ ಬಾಯಿಯ ಸುತ್ತ ಎಂಟು ಕೈಗಳು, ಪ್ರತಿ ಕೈಯ ಎರಡೂ ಅಂಚಿಗೆ ಹಕ್ಕಿಗರಿಯಂಥ ಕುಚ್ಚು. ಈ ಎಂಟರ ಲೆಕ್ಕದಿಂದಲೇ ಇವುಗಳ ದೊಡ್ಡ ಬಳಗಕ್ಕೆ ಆಕ್ಟೋಕೋರಲ್ ಅಂತ ಹೆಸರು ಬಂದಿದೆ. ದಿಬ್ಬ ಕಟ್ಟುವ ಗಟ್ಟಿ ಹವಳಗಳಲ್ಲಿ ಕೈಗಳ ಎಣಿಕೆ ಸಾಮಾನ್ಯವಾಗಿ ಆರರ ಮಗ್ಗಿಯಲ್ಲಿ ಹೋಗುತ್ತದೆ.

ಉಷ್ಣವಲಯದ ದಿಬ್ಬಗಳಲ್ಲಿ ಇಂಥದ್ದೊಂದು ಹವಳ ಸಿಕ್ಕಿತು, ಇದು ಹೊಸ ಪ್ರಭೇದ ಇರಬಹುದು ಅಂತ ಅನುಮಾನ ಬಂತು ಅಂದುಕೊಳ್ಳಿ. ಒಳ್ಳೆಯ ಫೋಟೊ ಇದ್ದರೆ ಸಾಕು ಅಲ್ವಾ? ಸಾಲದು. ಮೃದು ಹವಳ ನೀರು ತುಂಬಿಕೊಂಡು ಉಬ್ಬುತ್ತದೆ, ಮುಟ್ಟಿದರೆ ಮುದುಡಿ ಬೇರೆಯದೇ ಪ್ರಾಣಿಯಂತೆ ಕಾಣುತ್ತದೆ. ಒಂದೇ ಪ್ರಭೇದ ಅಲೆ ಬಡಿಯುವ ಕಡೆ ಗಿಡ್ಡವಾಗಿ, ನೀರು ಶಾಂತವಾಗಿರುವ ಕಡೆ ಉದ್ದವಾಗಿ ಬೆಳೆಯಬಹುದು. ಇನ್ನು ಬಣ್ಣ? ಆಲ್ಕೋಹಾಲ್‌ನಲ್ಲಿ ಇಟ್ಟರೆ ಎಷ್ಟೋ ಹವಳಗಳಲ್ಲಿ ಅದೂ ಬಿಟ್ಟುಹೋಗುತ್ತದೆ.

ಹಾಗಾಗಿ ಹವಳದ ಒಳಗೆ ನೋಡಬೇಕು. ಹೆಸರು ಮೃದು ಹವಳವಾದರೂ ಮಾಂಸದೊಳಗೆ ಸುಣ್ಣದ ಸಣ್ಣ ಸಣ್ಣ ಚೂರುಗಳು ಹುದುಗಿರುತ್ತವೆ. ಅವೇ ಸ್ಕ್ಲೆರೈಟ್‌ಗಳು. ಹೆಚ್ಚಿನವು ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಅವನ್ನು ಹೊರತೆಗೆಯುವ ವಿಧಾನ ಎಷ್ಟು ಸರಳ ಅಂದರೆ, ಬಟ್ಟೆ ಬೆಳ್ಳಗೆ ಮಾಡುವ ಬ್ಲೀಚೇ ಸಾಕು. ಹವಳದ ಸಣ್ಣ ತುಂಡಿನ ಮೇಲೆ ಬ್ಲೀಚ್ ಹಾಕಿದರೆ ನೊರೆ ಏಳುತ್ತದೆ, ಮಾಂಸ ನಿಧಾನಕ್ಕೆ ಕರಗುತ್ತದೆ, ಕೊನೆಗೆ ತಳದಲ್ಲಿ ಬಿಳಿ ಪುಡಿ ಉಳಿಯುತ್ತದೆ. ಅದನ್ನು ನಾಲ್ಕಾರು ಸಲ ನೀರಿನಲ್ಲಿ ತೊಳೆದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ, ಬರಿಗಣ್ಣಿಗೆ ಸುಮ್ನೆ ಸುಣ್ಣದ ಪುಡಿಯಂತೆ ಕಂಡದ್ದು ಬೇರೆಯೇ ಲೋಕವಾಗಿ ತೆರೆದುಕೊಳ್ಳುತ್ತದೆ. ತಲೆ ತುಂಬ ಗಂಟುಗಳಿರುವ ಗದೆಗಳು. ಎರಡೂ ತುದಿ ಚೂಪಾದ ಕದಿರುಗಳು, ಅವುಗಳ ಮೈಮೇಲೆ ನರುಲಿಯಂಥ ಉಬ್ಬುಗಳು. ಇಷ್ಟು ಅಚ್ಚುಕಟ್ಟಾದ ಕೆತ್ತನೆ ಕಣ್ಣಿಲ್ಲದ, ಮಿದುಳಿಲ್ಲದ ಜೀವಿಯೊಳಗೆ ಆಗುತ್ತದೆ ಅನ್ನುವುದು ನನಗೆ ಪ್ರತಿ ಸಲವೂ ಬೆರಗು.

ಆದರೆ ಒಂದೇ ಜಾಗದ ಪುಡಿ ನೋಡಿ ತೀರ್ಮಾನಕ್ಕೆ ಬರುವ ಹಾಗಿಲ್ಲ. ಸಿನುಲೇರಿಯಾ ಅನ್ನುವ ಮೃದು ಹವಳಗಳ ಕುಲವನ್ನೇ ತೆಗೆದುಕೊಳ್ಳಿ. ಅದರ ಬೆರಳಿನಂಥ ಹಾಲೆಗಳ ಹೊರಗೊಂದು ಬಗೆಯ ಸ್ಕ್ಲೆರೈಟ್, ಒಳಗೊಂದು ಬಗೆಯದು. ಬುಡದ ಹೊರಗೊಂದು, ಒಳಗೊಂದು. ನಾಲ್ಕೂ ಕಡೆಯ ಚೂರುಗಳ ಚಿತ್ರ ಇಲ್ಲದಿದ್ದರೆ ವಿವರಣೆ ಅರ್ಧವೇ ಸರಿ. ಬುಡದ ಒಳಗಿನ ಕೆಲವು ಕದಿರುಗಳು ಹಲವು ಮಿಲಿಮೀಟರ್ ಉದ್ದ ಇದ್ದು ಬರಿಗಣ್ಣಿಗೇ ಕಾಣುತ್ತವೆ. ಇನ್ನೊಂದು ಕಡೆ ಜೀನಿಯಾ ಬಳಗದಲ್ಲಿ ಇವು ಸುಮಾರು 0.02 ಮಿ.ಮೀ.ನ ಪುಟ್ಟ ಬಿಲ್ಲೆಗಳು. ಕೆಲವದರಲ್ಲಿ ಇರುವುದೇ ಇಲ್ಲ!

ಅಸಲಿ ಕೆಲಸ ಶುರುವಾಗುವುದು ಇಲ್ಲಿಂದ. ಸಿನುಲೇರಿಯಾ ಕುಲಕ್ಕೆ ಹೆಸರಿಟ್ಟಿದ್ದು 1898ರಲ್ಲಿ. ಈಗ ಅದರಲ್ಲಿ 150ಕ್ಕೂ ಜಾಸ್ತಿ ಪ್ರಭೇದಗಳಿವೆ. ಹಳೆಯ ವಿವರಣೆಗಳಲ್ಲಿ ಎಷ್ಟೋ ತೀರಾ ಚಿಕ್ಕವು, ಚಿತ್ರಗಳೂ ಸಾಲವು. ಹಾಗಾದಾಗ ಮೊದಲ ವಿವರಣೆಗೆ ಆಧಾರವಾದ ಮೂಲ ಮಾದರಿಯನ್ನೇ, ಅಂದರೆ ಹೋಲೋಟೈಪನ್ನೇ, ವಸ್ತುಸಂಗ್ರಹಾಲಯದ ಜಾಡಿಯಿಂದ ತೆಗೆದು ಮತ್ತೆ ನೋಡಬೇಕು. ನೆದರ್‌ಲೆಂಡ್ಸ್‌ನ ಹವಳ ತಜ್ಞ ಯಾಕೋಬ್ ವೆರ್ಸೆವೆಲ್ಡ್ ಹೀಗೆ ಹಳೆಯ ಮಾದರಿಗಳನ್ನು ನೋಡಿ, ಇಡೀ ಸಿನುಲೇರಿಯಾ ಕುಲದ ಪರಿಷ್ಕರಣೆಯನ್ನು 1980ರಲ್ಲಿ ಪ್ರಕಟಿಸಿದರು. ಇಂದಿಗೂ ಈ ಕುಲದ ಕೆಲಸ ಮಾಡುವವರು ಅದನ್ನು ತೆರೆಯದೆ ಮುಂದೆ ಹೋಗುವುದಿಲ್ಲ. ತಿಂಗಳುಗಟ್ಟಲೆ ಹೋಲಿಸಿ ನೋಡಿದ ಮೇಲೆ "ಇದು ಹೊಸದಲ್ಲ, ಹಳೆಯದೇ" ಅಂತ ಗೊತ್ತಾಗುವುದೂ ಉಂಟು. ಅದೂ ಹೊಸ ಪ್ರಭೇದದಷ್ಟೇ ಬೆಲೆಯ ಫಲಿತಾಂಶ ಅಂತ ನಾನು ನಂಬುತ್ತೇನೆ.

ಡಿಎನ್‌ಎ ನೋಡಿದರೆ ಎಲ್ಲ ಬಗೆಹರಿಯುವುದಿಲ್ಲವೇ? ಇಲ್ಲಿ ಒಂದು ತೊಡಕಿದೆ. ಬೇರೆ ಪ್ರಾಣಿಗಳನ್ನು ಗುರುತಿಸಲು ಬಳಸುವ ಮೈಟೊಕಾಂಡ್ರಿಯಾದ ಜೀನ್ ಈ ಹವಳಗಳಲ್ಲಿ ಬಹಳ ನಿಧಾನವಾಗಿ ಬದಲಾಗುತ್ತದೆ. ಹತ್ತಿರದ ಎರಡು ಪ್ರಭೇದಗಳಲ್ಲಿ ಅದು ಒಂದೇ ಥರ ಇರಬಹುದು. ಇವುಗಳ ಮೈಟೊಕಾಂಡ್ರಿಯಾದಲ್ಲಿ ಮ್ಯೂಟ್‌ಎಸ್ ಅನ್ನುವ ಇನ್ನೊಂದು ಜೀನ್ ಇದೆ. ಡಿಎನ್‌ಎ ನಕಲಿನ ತಪ್ಪುಗಳನ್ನು ಅದೇ ತಿದ್ದುತ್ತಿರಬಹುದು, ಈ ನಿಧಾನಕ್ಕೆ ಅದೇ ಕಾರಣ ಇರಬಹುದು ಅನ್ನುವ ಗುಮಾನಿ ಇದೆ. ಈಗ ನೂರಾರು ಜೀನ್ ತುಣುಕುಗಳನ್ನು ಒಟ್ಟಿಗೆ ಓದುತ್ತಾರೆ. ಅಂಥ ಓದಿನ ಆಧಾರದ ಮೇಲೆ 2022ರಲ್ಲಿ ಇಡೀ ಆಕ್ಟೋಕೋರಲ್ ಬಳಗವನ್ನೇ ಎರಡು ಗಣಗಳಾಗಿ ಮತ್ತೆ ಜೋಡಿಸಿದರು. ಆದರೂ ಸ್ಕ್ಲೆರೈಟ್ ಬಿಟ್ಟು ಬರೀ ಡಿಎನ್‌ಎಯಿಂದ ಹೆಸರಿಡುವುದು ನನಗೆ ಒಪ್ಪಿಗೆಯಿಲ್ಲ. ನೂರು ವರ್ಷ ಹಳೆಯ ಜಾಡಿಗಳಲ್ಲಿ ಎಷ್ಟೋ ಸಲ ಓದಬಲ್ಲ ಡಿಎನ್‌ಎ ಉಳಿದಿರುವುದೇ ಇಲ್ಲ, ಅಲ್ಲಿ ಹೋಲಿಸಲು ಸಿಗುವುದು ಆ ಬಿಳಿ ಪುಡಿಯೇ.

ಹೆಸರು ಯಾಕೆ ಇಷ್ಟು ಮುಖ್ಯ ಅನ್ನುವುದಕ್ಕೆ ಯುನೋಮಿಯಾ ಸ್ಟೊಲೊನಿಫೆರಾ ಒಳ್ಳೆಯ ಉದಾಹರಣೆ. ಇದು ಹಿಂದೂ-ಪೆಸಿಫಿಕ್ ಸಾಗರಗಳ ಕಡೆಯ ಮೃದು ಹವಳ. ಅಕ್ವೇರಿಯಂ ವ್ಯಾಪಾರದ ಹಾದಿಯಲ್ಲಿ ವೆನೆಜುವೆಲಾ ಕರಾವಳಿ ಸೇರಿತು. ಅಲ್ಲಿನ ಹವಳಗಳ ಮೇಲೂ ಕಡಲ ಹುಲ್ಲಿನ ಮೇಲೂ ಚಾಪೆಯಂತೆ ಹಬ್ಬಿತು. ಬೆಳಕು ಸಿಗದೆ ಕೆಳಗಿನವು ಸಾಯುತ್ತವೆ. ಕೈಯಿಂದ ಕಿತ್ತರೆ ಉದುರಿದ ಚೂರು ಇನ್ನೊಂದು ಕಡೆ ಬೇರೂರುತ್ತದೆ. 1938ರಲ್ಲೇ ಇದನ್ನು ಬೇರೆ ಕುಲದ ಹೆಸರಿನಲ್ಲಿ ವಿವರಿಸಿದ್ದರು. ಈಗಿನ ಕುಲದ ಹೆಸರು ಸಿಕ್ಕಿದ್ದು 2021ರಲ್ಲಿ, ಹವಳ ಆ ಹೊತ್ತಿಗಾಗಲೇ ವೆನೆಜುವೆಲಾದ ತೀರದಲ್ಲಿ ಬೀಡುಬಿಟ್ಟಿತ್ತು.