ಕ್ರಯೋಜೆನಿಕ್ ಗಲಾಟೆ: ರಾಕೆಟ್ ಯಾವಾಗ ಕ್ಷಿಪಣಿ ಆಗುತ್ತದೆ?

2012ರ ಏಪ್ರಿಲ್ 13ರಂದು ಉತ್ತರ ಕೊರಿಯಾ ಉನ್ಹಾ-3 ರಾಕೆಟ್ ಹಾರಿಸಿತು. ಉಪಗ್ರಹ ಬಿಡುತ್ತಿದ್ದೇವೆ ಎಂದಿತ್ತು. ಹಾರಿದ ಸ್ವಲ್ಪ ಹೊತ್ತಿಗೇ ಅದು ಚೂರಾಗಿ ಸಮುದ್ರಕ್ಕೆ ಬಿತ್ತು. ಸುದ್ದಿಯಲ್ಲಿ ಜಾಸ್ತಿ ಓಡಾಡಿದ್ದು ಮಾತ್ರ ಕ್ಷಿಪಣಿಯ ಮಾತೇ. ಆರು ದಿನ ಬಿಟ್ಟು ಒಡಿಶಾ ಕರಾವಳಿಯಿಂದ ನಾವು ಅಗ್ನಿ-5 ಹಾರಿಸಿದೆವು. ಅದು 5,000 ಕಿ.ಮೀ. ಹೋಗುವ ಅಪ್ಪಟ ಕ್ಷಿಪಣಿ. ಅದಕ್ಕೆ ಅಷ್ಟು ಗದ್ದಲ ಆಗಲಿಲ್ಲ. ಪಕ್ಷಪಾತ ಎಂದು ಸುಮ್ನೆ ಹೇಳಿ ಮುಗಿಸಬಹುದು, ಆದರೆ ವಿಷಯ ಅಷ್ಟು ಸಲೀಸಲ್ಲ. ಕ್ಷಿಪಣಿ ತಂತ್ರಜ್ಞಾನ ಬಳಸಿ ಏನನ್ನೂ ಹಾರಿಸಬಾರದು ಎಂದು ವಿಶ್ವಸಂಸ್ಥೆ 2009ರಲ್ಲೇ ಉತ್ತರ ಕೊರಿಯಾಕ್ಕೆ ಹೇಳಿತ್ತು, ತುದಿಯಲ್ಲಿ ಉಪಗ್ರಹ ಇರಲಿ, ಬಿಡಲಿ. ನಮಗೆ ಅಂಥ ನಿರ್ಬಂಧ ಇರಲಿಲ್ಲ.

ಎರಡೂ ಒಂದೇ ಮನೆಯ ಮಕ್ಕಳು ಅನ್ನುವುದಂತೂ ನಿಜ. ಮೊದಲ ಉಪಗ್ರಹ ಸ್ಪುಟ್ನಿಕ್ಕನ್ನು 1957ರಲ್ಲಿ ಮೇಲಕ್ಕೆ ಒಯ್ದದ್ದು ಸೋವಿಯತ್ ಒಕ್ಕೂಟದ ಆರ್-7 ಕ್ಷಿಪಣಿ. ಅಮೆರಿಕದ ಜಾನ್ ಗ್ಲೆನ್ 1962ರಲ್ಲಿ ಭೂಮಿ ಸುತ್ತಿದ್ದು ಅಟ್ಲಾಸ್ ಕ್ಷಿಪಣಿಯ ಮೇಲೆ ಕೂತು. ಇನ್ನೂ ಹಿಂದಕ್ಕೆ ಹೋದರೆ ಟಿಪ್ಪು ಕಾಲದ ಕಬ್ಬಿಣದ ರಾಕೆಟ್‌ಗಳಿವೆ, ಶಿವಮೊಗ್ಗ ಜಿಲ್ಲೆಯ ನಗರದ ಪಾಳುಬಾವಿಯಲ್ಲಿ 2018ರಲ್ಲಿ ರಾಶಿಗಟ್ಟಲೆ ಸಿಕ್ಕವು.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಉಪಗ್ರಹದ ರಾಕೆಟ್ ಮೇಲಕ್ಕೆ ಹೋಗಿ ಅಡ್ಡಕ್ಕೆ ತಿರುಗಿ ಸೆಕೆಂಡಿಗೆ ಸುಮಾರು 7.5 ಕಿ.ಮೀ. ವೇಗ ಹಿಡಿಯಬೇಕು. ಅಲ್ಲಿಗೆ ಅದರ ಕೆಲಸ ಮುಗಿಯಿತು. ಕ್ಷಿಪಣಿಯ ತುದಿ ವಾಪಸ್ ಬರಬೇಕು, ಗಾಳಿಯ ಉರಿಯಲ್ಲಿ ಸುಟ್ಟು ಹೋಗದೆ, ಹೇಳಿದ ಜಾಗಕ್ಕೇ ಬೀಳಬೇಕು. ಜೊತೆಗೆ ಅದು ವರ್ಷಗಟ್ಟಲೆ ಕಾದು, ಕರೆದ ನಿಮಿಷಗಳಲ್ಲಿ ಹಾರಬೇಕು. ಅದಕ್ಕೇ ಇಂಧನ ಯಾವುದು, ಮೊದಲೇ ತುಂಬಿಟ್ಟು ಕಾಯಬಹುದೇ ಅನ್ನುವುದು ಇಷ್ಟು ಮುಖ್ಯ.

ಇದನ್ನು ಯಾರೂ ಸರಿಯಾಗಿ ಕೇಳದೇ ಹೋದ ಕಥೆಯೇ ನಮ್ಮ ಕ್ರಯೋಜೆನಿಕ್ ಎಂಜಿನ್ನಿನದು, ಅಂದರೆ ವಿಪರೀತ ತಣ್ಣಗಿನ ದ್ರವ ಇಂಧನದ ಎಂಜಿನ್ನಿನದು. ಇಸ್ರೋದ ಎಸ್‌ಎಲ್‌ವಿ-3 ರಾಕೆಟ್ 1980ರ ಜುಲೈ 18ರಂದು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಅದೇ ರಾಕೆಟ್ಟಿನ ಘನ ಇಂಧನದ ಮೊದಲ ಹಂತ 1989ರ ಮೇನಲ್ಲಿ ಹಾರಿದ ಮೊದಲ ಅಗ್ನಿಯ ಮೊದಲ ಹಂತವಾಯಿತು. ಹೊರಗಿನವರಿಗೆ ಅನುಮಾನ ಬಂದದ್ದರಲ್ಲಿ ತಪ್ಪೇನಿಲ್ಲ. ಅಷ್ಟು ಹೊತ್ತಿಗೆ ಏಳು ಶ್ರೀಮಂತ ದೇಶಗಳು ಸೇರಿ 1987ರಲ್ಲಿ ಎಂಟಿಸಿಆರ್ ಎಂಬ ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ಕೂಟ ಕಟ್ಟಿಕೊಂಡಿದ್ದವು. 500 ಕೆ.ಜಿ. ಹೊತ್ತು 300 ಕಿ.ಮೀ. ಹೋಗಬಲ್ಲ ರಾಕೆಟ್ ಯಾವುದೇ ಇರಲಿ, ಅದರ ತಂತ್ರಜ್ಞಾನ ಕೊಡಲು ಅಂಕುಶ. ಆ ಪಟ್ಟಿಯಲ್ಲಿ ಕ್ಷಿಪಣಿಯೂ ಉಪಗ್ರಹದ ರಾಕೆಟ್ಟೂ ಒಂದೇ ಸಾಲಿನಲ್ಲಿವೆ.

ಭಾರವಾದ ಸಂಪರ್ಕ ಉಪಗ್ರಹಗಳಿಗೆ ಇಸ್ರೋಗೆ ಕ್ರಯೋಜೆನಿಕ್ ಎಂಜಿನ್ ಬೇಕಿತ್ತು. 1991ರಲ್ಲಿ ಸೋವಿಯತ್‌ನ ಬಾಹ್ಯಾಕಾಶ ಸಂಸ್ಥೆ ಗ್ಲಾವ್‌ಕಾಸ್ಮಾಸ್ ಜೊತೆ ಒಪ್ಪಂದವಾಯಿತು. ಎಂಜಿನ್ನೂ ಬರಬೇಕಿತ್ತು, ಮಾಡುವ ವಿದ್ಯೆಯೂ ಬರಬೇಕಿತ್ತು. ಮರುವರ್ಷ ಮೇನಲ್ಲಿ ಅಮೆರಿಕ ಎರಡೂ ಸಂಸ್ಥೆಗಳ ಮೇಲೆ ಎರಡು ವರ್ಷದ ನಿರ್ಬಂಧ ಹಾಕಿತು. ಕಾರಣ: ಇದು ಕ್ಷಿಪಣಿಗೆ ಬಳಕೆಯಾಗಬಹುದು.

ಈ ಎಂಜಿನ್ನನ್ನು ಸ್ವಲ್ಪ ಹತ್ತಿರದಿಂದ ನೋಡಿ. ಇದಕ್ಕೆ ಬೇಕಾದ ದ್ರವ ಜಲಜನಕವನ್ನು ಮೈನಸ್ 253 ಡಿಗ್ರಿಯಲ್ಲಿ ಇಡಬೇಕು, ದ್ರವ ಆಮ್ಲಜನಕವನ್ನು ಮೈನಸ್ 183ರಲ್ಲಿ. ಮೊದಲೇ ತುಂಬಿಟ್ಟರೆ ಕುದಿದು ಆವಿಯಾಗಿ ಹೋಗುತ್ತದೆ, ಹಾಗಾಗಿ ಉಡಾವಣೆಗೆ ಕೆಲವೇ ಗಂಟೆ ಮುಂಚೆ ಪೈಪುಗಳನ್ನು ತಣ್ಣಗೆ ಮಾಡುತ್ತಾ, ಸೋರಿಕೆ ನೋಡುತ್ತಾ, ನಿಧಾನವಾಗಿ ತುಂಬಬೇಕು. ಯುದ್ಧದಲ್ಲಿ ಇಂಥದ್ದನ್ನು ಇಟ್ಟುಕೊಂಡು ಯಾರು ಏನು ಮಾಡುತ್ತಾರೆ? ಭಯ ಹುಟ್ಟಿದ್ದು ಘನ ಇಂಧನದ ರಾಕೆಟ್ಟಿನಿಂದ, ಬೀಗ ಬಿದ್ದದ್ದು ಕ್ಷಿಪಣಿಗೆ ಆಗಿಬರದ ಎಂಜಿನ್ನಿಗೆ. ಅಂಥದೇ ಎಂಜಿನ್ ಮಾರಲು ಅಮೆರಿಕ, ಯುರೋಪಿನ ಕಂಪನಿಗಳೂ ಮುಂದೆ ಬಂದಿದ್ದವು ಅನ್ನುವುದನ್ನೂ ಮರೆಯುವಂತಿಲ್ಲ ಅಲ್ವಾ.

1993ರಲ್ಲಿ ರಷ್ಯಾ ಹಿಂದೆ ಸರಿಯಿತು. ಏಳು ಎಂಜಿನ್ ಕೊಡುತ್ತೇವೆ, ವಿದ್ಯೆ ಕೊಡುವುದಿಲ್ಲ ಎಂದಿತು. ಆ ಎಂಜಿನ್‌ಗಳ ಬಲದ ಮೇಲೆ 2001ರ ಏಪ್ರಿಲ್‌ನಲ್ಲಿ ಭಾರದ ಉಪಗ್ರಹಗಳಿಗೆಂದು ಇಸ್ರೋ ಮಾಡಿದ ಜಿಎಸ್‌ಎಲ್‌ವಿ ರಾಕೆಟ್ ಮೊದಲ ಸಲ ಹಾರಿತು. ನಮ್ಮದೇ ಎಂಜಿನ್ 2010ರಲ್ಲಿ ಕೈಕೊಟ್ಟಿತು. 2014ರ ಜನವರಿ 5ರಂದು ಅದು ಗೆದ್ದಾಗ ಒಪ್ಪಂದಕ್ಕೆ ಹತ್ತಿರ ಹತ್ತಿರ 23 ವರ್ಷ ಆಗಿತ್ತು. ಅಷ್ಟು ವರ್ಷ ನಮ್ಮ ದೊಡ್ಡ ಇನ್ಸಾಟ್ ಸಂಪರ್ಕ ಉಪಗ್ರಹಗಳು ಬಹುಮಟ್ಟಿಗೆ ಫ್ರೆಂಚ್ ಗಯಾನಾದಿಂದಲೇ, ಏರಿಯಾನ್ ರಾಕೆಟ್ ಮೇಲೆ, ಡಾಲರ್ ಕೊಟ್ಟು ಹೋದವು. ಅಗ್ನಿ ಮಾತ್ರ ನಿಲ್ಲಲಿಲ್ಲ, ಅದಕ್ಕೆ ಈ ಎಂಜಿನ್ ಬೇಕೇ ಇರಲಿಲ್ಲ.

ಇಂದಿಗೂ ಉಡಾವಣೆ ಸುದ್ದಿಯಲ್ಲಿ ಇಂಧನ ಯಾವುದು, ದಾರಿ ಯಾವುದು, ವಾಪಸ್ ಬರುವ ಭಾಗ ಇತ್ತೇ ಅನ್ನುವ ಮಾತು ಅಪರೂಪ. ಹಾರಿಸಿದವರು ಯಾರು ಅನ್ನುವುದಷ್ಟೇ ತಲೆಬರಹಕ್ಕೆ ಸಾಕಾಗುತ್ತದೆ.

ಭಾರತ 2016ರ ಜೂನ್‌ನಲ್ಲಿ ಅದೇ ಎಂಟಿಸಿಆರ್ ಕೂಟದ ಸದಸ್ಯನಾಯಿತು. 2025ರ ಜುಲೈ 30ರಂದು ನಾಸಾ ಮತ್ತು ಇಸ್ರೋ ಸೇರಿ ಮಾಡಿದ ನಿಸಾರ್ ಉಪಗ್ರಹವನ್ನು ಶ್ರೀಹರಿಕೋಟಾದಿಂದ ಕಕ್ಷೆಗೆ ಮುಟ್ಟಿಸಿದ್ದು ಜಿಎಸ್‌ಎಲ್‌ವಿ, ನಾವೇ ಮಾಡಿದ ಕ್ರಯೋಜೆನಿಕ್ ಎಂಜಿನ್ನಿನೊಂದಿಗೆ.